ಪದ್ಯದ ಮಾತ್ರೆ ಎಣಿಸುವುದು ಹೇಗೆ?

ಪ್ರಸ್ತಾರ ಹಾಕುವುದನ್ನು, ಅಂದರೆ ಅಕ್ಷರಗಳಿಗೆ ಗುರು (ಉದ್ದ), ಲಘು (ಗಿಡ್ಡ) ಅಂತ ಗುರುತು ಹಾಕಿ ಗಣ ಅನ್ನುವ ಗುಂಪುಗಳಾಗಿ ಒಡೆಯುವುದನ್ನು, ಹೈಸ್ಕೂಲಿನಲ್ಲೇ ಕಲಿತಿರುತ್ತೇವೆ. ‘ಒತ್ತಕ್ಷರದ ಹಿಂದಿನ ಅಕ್ಷರ ಗುರು’ ಅನ್ನುವುದು ಬಾಯಿಪಾಠವೂ ಆಗಿರುತ್ತದೆ. ಯಾಕೆ ಗುರು ಅಂತ ಕೇಳಿದರೆ ಮಾತ್ರ ತಡವರಿಸುತ್ತೇವೆ. ಉತ್ತರ ನಾಲಗೆಯಲ್ಲೇ ಇದೆ. ಹಾಗಾಗಿ ಪೆನ್ನು ಹಿಡಿಯುವ ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿ.

1. ಬಾಯಲ್ಲಿ ಬಿಡಿಸಿ

‘ಕತೆ’ ಅನ್ನಿ. ಆಮೇಲೆ ‘ಕತ್ತೆ’ ಅನ್ನಿ. ಎರಡನೆಯದರಲ್ಲಿ ನಾಲಗೆ ಹಲ್ಲಿಗೆ ತಾಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಅಲ್ವಾ? ಬರೆಯುವಾಗ ಕ, ತ್ತೆ ಅಂತ ಒಡೆಯುತ್ತೇವೆ. ಬಾಯಿ ಒಡೆಯುವುದು ಕತ್–ತೆ ಅಂತ. ಆ ನಿಂತ ಹೊತ್ತು ಹಿಂದಿನ ‘ಕ’ದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ಅದು ಗುರು.

2. ಅಂಕಿ ಹಾಕಿ

ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಹೊತ್ತು. ಹ್ರಸ್ವ ಲಘು, 1 ಮಾತ್ರೆ. ದೀರ್ಘ, ಐ, ಔ, ಅನುಸ್ವಾರ, ವಿಸರ್ಗ ಇದ್ದರೆ ಗುರು, 2 ಮಾತ್ರೆ. ವ್ಯಂಜನದಲ್ಲಿ ನಿಂತರೂ 2. ‘ಬಸ್’ 2, ‘ಬಸ್ಸು’ 3. ಒತ್ತಕ್ಷರವನ್ನೇ ಗುರು ಮಾಡಿಬಿಡುವವರು ಜಾಸ್ತಿ. ಹಾಗಲ್ಲ. ‘ಪ್ರಭು’ವಿನ ‘ಪ್ರ’ ಬರೀ ಲಘು.

3. ಒಂದು ಪದ್ಯ ಹಿಡಿದು ನೋಡಿ

ಆರು ಸಾಲಿನ ಭಾಮಿನಿ ಷಟ್ಪದಿಯಿಂದ ಶುರು ಮಾಡುವುದು ಒಳ್ಳೆಯದು. 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3+4+3+4+3+4, ಕೊನೆಗೆ ಒಂದು ಗುರು, ಒಟ್ಟು 23. ಕುಮಾರವ್ಯಾಸನ ಪದ್ಯವೊಂದರ ಈ ಮೊದಲ ಮೂರು ಸಾಲುಗಳು ಎಲ್ಲರಿಗೂ ಗೊತ್ತು:

ವೇದ | ಪುರುಷನ | ಸುತನ | ಸುತನ ಸ
ಹೋದ | ರನ ಮೊ | ಮ್ಮಗನ | ಮಗನ ತ
ಳೋದ | ರಿಯ ಮಾ | ತುಳನ | ಮಾವನ | ನತುಳ | ಭುಜಬಲ | ದಿ

ಗೆರೆ ಎಳೆಯುವಾಗ ಪದ ಎಲ್ಲಿ ಮುಗಿಯಿತು ಅಂತ ನೋಡಬೇಡಿ, ಮಾತ್ರೆ ಎಲ್ಲಿ ತುಂಬಿತು ಅಂತ ನೋಡಿ. ‘ಮೊ’ 2 ಮಾತ್ರೆ, ಯಾಕೆಂದರೆ ಬಾಯಲ್ಲಿ ಅದು ‘ಮೊಮ್’. ಕೊನೆಯ ‘ದಿ’ ಹ್ರಸ್ವವೇ ಆದರೂ ಸಾಲಿನ ತುದಿಯಲ್ಲಿ ದನಿ ಎಳೆಯುವುದರಿಂದ ಗುರು ಅಂತ ಹಿಡಿಯಬೇಕು.

4. ಪ್ರಾಸ ನೋಡಿ

‘ಸಹೋದರ’, ‘ತಳೋದರಿ’ ಎರಡನ್ನೂ ಕವಿ ಸಾಲಿನ ಅಂಚಿನಲ್ಲಿ ತುಂಡರಿಸಿದ್ದಾನೆ. ಹಾಗೆ ಮಾಡಿದ್ದರಿಂದ ವೇದ, ಹೋದ, ಳೋದ ಅಂತ ಪ್ರತಿ ಸಾಲಿನ ಎರಡನೆಯ ಅಕ್ಷರ ‘ದ’ ಆಯಿತು. ಮೊದಲ ಅಕ್ಷರ ಮೂರೂ ಕಡೆ ಗುರು. ಮಾತ್ರೆಯೂ ಒಂದಿಷ್ಟೂ ತಪ್ಪಲಿಲ್ಲ. ಇಷ್ಟೆಲ್ಲ ಕಟ್ಟು ಇಟ್ಟುಕೊಂಡೂ ಮಾತು ಸಲೀಸಾಗಿ ಹರಿಯುವುದು ನನಗೆ ಇವತ್ತಿಗೂ ಬೆರಗು.

5. ತ್ರಿಪದಿಗೆ ಬೇರೆ ಲೆಕ್ಕ

ಬೀಸುವಾಗ ಹಾಡುವ ತ್ರಿಪದಿಗೆ ಈ ಅಂಕಿ ಹಚ್ಚಿದರೆ ಸಾಲಿಂದ ಸಾಲಿಗೆ ಮೊತ್ತ ಬದಲಾಗುತ್ತದೆ. ಪದ್ಯ ತಪ್ಪಿಲ್ಲ. ಅದು ಅಂಶಗಣದ್ದು, ಅಂದರೆ ಮಾತ್ರೆಯ ಮೊತ್ತ ಕಟ್ಟುನಿಟ್ಟಲ್ಲದ ಗಣಗಳದ್ದು. ಅಲ್ಲಿ ಹಾಡುವವರು ಲಘುವನ್ನು ಬೇಕಾದಲ್ಲಿ ಎಳೆದು ತಾಳಕ್ಕೆ ಕೂರಿಸುತ್ತಾರೆ. ಅದನ್ನು ಹಾಳೆಯ ಮೇಲೆ ಎಣಿಸುವ ಬದಲು ಹಾಡುವವರಿಂದ ಕೇಳಿ, ತಾಳ ಹಾಕುತ್ತಾ ಗಣ ಬಿಡಿಸಿ.