ಸೂಪರ್‌ಹೀರೋ ಕಾಮಿಕ್ಸ್ ಎಲ್ಲಿಂದ ಶುರು ಮಾಡೋದು, ಏನೇನು ಬಿಡೋದು

ಮೊದಲನೇ ಸಂಚಿಕೆಯಿಂದ ಓದಿಕೊಂಡು ಬರುತ್ತೇನೆ ಅನ್ನೋ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆ್ಯಕ್ಷನ್ ಕಾಮಿಕ್ಸ್ 2018ರಲ್ಲಿ ಸಾವಿರದ ಸಂಚಿಕೆ ಮುಟ್ಟಿತು, ಮರುವರ್ಷ ಬ್ಯಾಟ್‌ಮ್ಯಾನ್ ಬರುವ ಡಿಟೆಕ್ಟಿವ್ ಕಾಮಿಕ್ಸ್ ಕೂಡ ಮುಟ್ಟಿತು. ಇವು ಬರೀ ಎರಡು ಪತ್ರಿಕೆಗಳ ಲೆಕ್ಕ. ಅದನ್ನೆಲ್ಲ ಮುಗಿಸಿ ಆಮೇಲೆ ಹೊಸದಕ್ಕೆ ಕೈ ಹಾಕೋಣ ಅಂದುಕೊಂಡರೆ ರಿಟೈರ್ ಆದ ಮೇಲೂ ಮುಗಿಯುವುದಿಲ್ಲ. ಈ ಕಥೆ ಬರೆಯೋರೇ ಎಲ್ಲಾ ಓದಿರೋದಿಲ್ಲ, ನಮಗ್ಯಾಕೆ ಉಸಾಬರಿ?

ಬಳ್ಳಾರಿಯಲ್ಲಿ ಸಿನಿಮಾ ನೋಡಿ ಕಾಮಿಕ್ಸ್ ಕಡೆ ತಿರುಗಿದ ಹುಡುಗರು ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಯಾವ ನಂಬರಿಂದ ಶುರು ಮಾಡ್ಲಿ?" ನಂಬರ್ ಕೇಳಬೇಡಿ. ಯಾರು ಬರೆದದ್ದು, ಯಾವ ವರ್ಷದ್ದು ಅಂತ ಕೇಳಿ. ಮುಕ್ಕಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ನಂಬರ್ ಯಾಕೆ ಬೇಡ ಅಂದರೆ, ಅಮೇಜಿಂಗ್ ಸ್ಪೈಡರ್-ಮ್ಯಾನ್ 1963ರಲ್ಲಿ ನಂಬರ್ 1ರಿಂದ ಶುರುವಾಗಿ 400 ದಾಟಿತು. 1999ರಲ್ಲಿ ಮತ್ತೆ ನಂಬರ್ 1 ಹಾಕಿದರು. 2003ರಲ್ಲಿ ಹಳೇ ಲೆಕ್ಕವನ್ನೂ ಕೂಡಿಸಿ ಒಮ್ಮೆಲೇ 500 ಅಂದರು. ಮತ್ತೆ 2014ರಲ್ಲಿ ನಂಬರ್ 1, 2015ರಲ್ಲಿ ನಂಬರ್ 1, 2018ರಲ್ಲಿ, 2022ರಲ್ಲಿ. ಮುಖಪುಟದ ಮೇಲೆ 1 ಅಂತಿದ್ದರೆ ಜಾಸ್ತಿ ಮಾರಾಟ ಆಗುತ್ತದೆ, ಅಷ್ಟೇ ವಿಷಯ. ಹಾಗಾಗಿ ಯಾರಾದರೂ "ಸ್ಪೈಡರ್-ಮ್ಯಾನ್ 1 ಓದು" ಅಂದರೆ ಯಾವ ವರ್ಷದ 1 ಅಂತ ತಿರುಗಿ ಕೇಳಲೇಬೇಕು. ಇಲ್ಲದಿದ್ದರೆ ತರಿಸಿದ್ದು ಒಂದು, ಬೇಕಾಗಿದ್ದದ್ದು ಇನ್ನೊಂದು ಆಗುತ್ತದೆ.

ಬರೆದವರ ಹೆಸರು ಹಿಡಿದರೆ ಈ ತಾಪತ್ರಯ ಇಲ್ಲ. ಒಬ್ಬ ಬರಹಗಾರ ಒಂದು ಪಾತ್ರವನ್ನು ಕೈಗೆ ತೆಗೆದುಕೊಂಡ ದಿನದಿಂದ ಬಿಡುವ ತನಕ ಬರೆದದ್ದಕ್ಕೆ ರನ್ ಅನ್ನುತ್ತಾರೆ. ಒಳ್ಳೆಯ ರನ್‌ಗೆ ಶುರು ಇರುತ್ತದೆ, ಕೊನೆಯೂ ಇರುತ್ತದೆ, ಬೇಕಾದ ಹಳೇ ಸಂಗತಿಯನ್ನು ಬರಹಗಾರನೇ ನಡುನಡುವೆ ಹೇಳಿಕೊಂಡು ಹೋಗುತ್ತಾನೆ. ಅಲ್ ಯೂಯಿಂಗ್ ಬರೆದ ಇಮ್ಮಾರ್ಟಲ್ ಹಲ್ಕ್ ತೆಗೆದುಕೊಳ್ಳಿ. 2018ರಿಂದ 2021, ಸರಿಯಾಗಿ 50 ಸಂಚಿಕೆ. ಮೊದಲನೇ ಸಂಚಿಕೆಯಲ್ಲಿ ಪೆಟ್ರೋಲ್ ಬಂಕಿಗೆ ದರೋಡೆಗೆ ಬಂದ ಹುಡುಗನ ಗುಂಡಿಗೆ ಹಲ್ಕ್ ಆಗಿ ಬದಲಾಗುವ ಬ್ರೂಸ್ ಬ್ಯಾನರ್ ಸಾಯುತ್ತಾನೆ, ಹೆಣ ಶವಾಗಾರಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ಅಲ್ಲಿಂದ ಎದ್ದು ಬರುವುದು ಹಲ್ಕ್. ಇದು ಅರ್ಥ ಆಗೋಕೆ ಹಿಂದಿನ ಹಲ್ಕ್ ಕಥೆ ಯಾವುದೂ ಬೇಕಿಲ್ಲ, ಅಲ್ವಾ? ಗಂಭೀರವಾದದ್ದು ಬೇಡ ಅನ್ನೋರಿಗೆ ಮ್ಯಾಟ್ ಫ್ರ್ಯಾಕ್ಷನ್ ಬರೆದು ಡೇವಿಡ್ ಆಹಾ ಹೆಚ್ಚಿನ ಸಂಚಿಕೆಗಳಿಗೆ ಚಿತ್ರ ಬರೆದ ಹಾಕ್‌ಐ ಇದೆ. 2012ರಲ್ಲಿ ಶುರು, 22 ಸಂಚಿಕೆಗೆ ಮುಗಿಯಿತು. ಅದರ 11ನೇ ಸಂಚಿಕೆ ಪೂರ್ತಿ ನಾಯಿಯ ಕಣ್ಣಿಂದಲೇ ಸಾಗುತ್ತದೆ. ನನ್ನ ಪ್ರಕಾರ ಮಾರ್ವೆಲ್‌ಗೆ (ಹಲ್ಕ್, ಸ್ಪೈಡರ್-ಮ್ಯಾನ್ ತರುವ ಕಂಪನಿ) ಬರೋ ಹೊಸಬರಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಇನ್ನು ಗೊಂದಲಕ್ಕೆ ಬರೋಣ. ಡಿಸಿ (ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ತರುವ ಕಂಪನಿ), ಮಾರ್ವೆಲ್ ಎರಡರಲ್ಲೂ ಗೊಂದಲ ಇದೆ, ಆದರೆ ಬೇರೆ ಬೇರೆ ಥರ.

ಡಿಸಿಯವರು ಆಗಾಗ ಇಡೀ ಲೋಕವನ್ನೇ ಅಳಿಸಿ ಬರೆಯುತ್ತಾರೆ. 1940ರಲ್ಲಿ ಒಬ್ಬ ಫ್ಲ್ಯಾಶ್ ಇದ್ದ, 1956ರಲ್ಲಿ ಅದೇ ಹೆಸರಿನ ಬೇರೆ ಫ್ಲ್ಯಾಶ್ ಬಂದ. 1961ರಲ್ಲಿ ಫ್ಲ್ಯಾಶ್ 123ನೇ ಸಂಚಿಕೆಯಲ್ಲಿ ಇಬ್ಬರನ್ನೂ ಭೇಟಿ ಮಾಡಿಸಿ, ಹಳಬ ಇನ್ನೊಂದು ಭೂಮಿಯವನು ಅಂದುಬಿಟ್ಟರು. ಅಲ್ಲಿಂದ ಭೂಮಿಗಳು ಹೆಚ್ಚುತ್ತಾ ಹೋದವು. ಯಾರು ಎಲ್ಲಿಯವರು ಅಂತ ಓದುಗರಿಗೆ ತಲೆ ಕೆಟ್ಟಾಗ 1985-86ರಲ್ಲಿ ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್ ಅಂತ 12 ಸಂಚಿಕೆ ತಂದು ಎಲ್ಲಾ ಭೂಮಿಗಳನ್ನೂ ಒಂದು ಮಾಡಿದರು. ಆದರೆ ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯಿತು. ಹಾಕ್‌ಮ್ಯಾನ್ ಯಾರು ಅಂತ ಕೇಳಿ ನೋಡಿ, ಹಳೇ ಓದುಗರೂ ನಗುತ್ತಾರೆ. 1940ರ ಹಾಕ್‌ಮ್ಯಾನ್ ಈಜಿಪ್ಟಿನ ರಾಜಕುಮಾರ ಮತ್ತೆ ಹುಟ್ಟಿ ಬಂದವನು, 1961ರವನು ಬೇರೆ ಗ್ರಹದ ಪೊಲೀಸ್. ಇಬ್ಬರನ್ನೂ ಒಂದೇ ಭೂಮಿಗೆ ಹೊಂದಿಸೋಕೆ ಹೋಗಿ ಆದ ರಾಡಿ ಇವತ್ತಿಗೂ ಪೂರ್ತಿ ಸರಿಹೋಗಿಲ್ಲ. ಹಾಕ್‌ಮ್ಯಾನ್‌ನಿಂದ ಮಾತ್ರ ಶುರು ಮಾಡಬೇಡಿ.

ಡಿಸಿಗೆ ನಾಲ್ಕು ವರ್ಷ ನೆನಪಿಟ್ಟರೆ ಸಾಕು. 1986ಕ್ಕಿಂತ ಹಿಂದಿನದು ಬೇರೆ ಲೋಕ. 2011ರ ಸೆಪ್ಟೆಂಬರ್‌ನಲ್ಲಿ ಫ್ಲ್ಯಾಶ್‌ಪಾಯಿಂಟ್ ಅನ್ನೋ ಕಥೆ ಆದ ಮೇಲೆ 52 ಪತ್ರಿಕೆಗಳನ್ನು ನಂಬರ್ 1ರಿಂದ ಶುರು ಮಾಡಿದರು, ಅದಕ್ಕೆ ನ್ಯೂ 52 ಅಂತ ಹೆಸರು. 2016ರಲ್ಲಿ ರೀಬರ್ತ್ ಅಂತ ಹಳೇದನ್ನು ಸ್ವಲ್ಪ ಸ್ವಲ್ಪ ವಾಪಸ್ ತಂದರು. 2021ರಿಂದ ಹೆಚ್ಚುಕಡಿಮೆ ಎಲ್ಲವೂ ನಡೆದಿದೆ, ಪಾತ್ರಗಳಿಗೂ ನೆನಪಿದೆ ಅಂತ ಹೇಳಿ ಕೈ ತೊಳೆದುಕೊಂಡರು. ಪುಸ್ತಕ ಕೈಗೆ ಬಂದಾಗ ಈ ನಾಲ್ಕರಲ್ಲಿ ಯಾವುದರ ಆಚೆ, ಯಾವುದರ ಈಚೆ ಅಂತ ನೋಡಿಕೊಳ್ಳಿ.

ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ ರಾಬಿನ್ ಯಾರು ಅನ್ನೋದಕ್ಕೂ ಇದೇ ಉಪಾಯ. 1940ರ ರಾಬಿನ್ ಡಿಕ್ ಗ್ರೇಸನ್, 1984ರಲ್ಲಿ ನೈಟ್‌ವಿಂಗ್ ಅನ್ನೋ ಬೇರೆ ಹೀರೋ ಆಗಿಬಿಟ್ಟ. ಆಮೇಲೆ ಜೇಸನ್ ಟಾಡ್. 1988ರಲ್ಲಿ ಅವನು ಬದುಕಬೇಕೋ ಸಾಯಬೇಕೋ ಅಂತ ಓದುಗರಿಂದ ಫೋನಿನಲ್ಲಿ ವೋಟು ಹಾಕಿಸಿದರು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ವೋಟಿನಲ್ಲಿ ಹುಡುಗ ಸತ್ತ. 2005ರಲ್ಲಿ ರೆಡ್ ಹುಡ್ ಆಗಿ ಎದ್ದು ಬಂದ, ಅದು ಬೇರೆ ವಿಷಯ. 1989ರಲ್ಲಿ ಟಿಮ್ ಡ್ರೇಕ್ ಬಂದ, 2009ರಿಂದ ಬ್ಯಾಟ್‌ಮ್ಯಾನ್ ಅಂದರೆ ಬ್ರೂಸ್ ವೇನ್‌ನ ಸ್ವಂತ ಮಗ ಡೇಮಿಯನ್ ರಾಬಿನ್. ಪುಸ್ತಕದ ವರ್ಷ ಗೊತ್ತಾದರೆ ಪಕ್ಕದಲ್ಲಿ ನಿಂತ ಹುಡುಗ ಯಾರು ಅಂತ ತಾನಾಗೇ ಗೊತ್ತಾಗುತ್ತದೆ.

ಮಾರ್ವೆಲ್‌ನವರು ಡಿಸಿ ಥರ ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡಿಲ್ಲ. 1961ರ ಫೆಂಟಾಸ್ಟಿಕ್ ಫೋರ್‌ನಿಂದ ಇವತ್ತಿನ ತನಕ ಒಂದೇ ಕಥೆ ಅಂತಲೇ ಅವರ ಹಟ. ಹಾಗಾದರೆ ಸ್ಪೈಡರ್-ಮ್ಯಾನ್ ಆದ ಪೀಟರ್ ಪಾರ್ಕರ್‌ಗೆ ಮೊಮ್ಮಕ್ಕಳು ಇರಬೇಕಿತ್ತು. ಅದಕ್ಕೆ ಕಾಲವನ್ನೇ ಮುಂದೆ ಮುಂದೆ ಎಳೆಯುತ್ತಾರೆ: ಎಲ್ಲಾ ನಡೆದದ್ದು ಕಳೆದ ಹತ್ತು-ಹದಿನೈದು ವರ್ಷದಲ್ಲಿ ಅಂತ ಲೆಕ್ಕ. 1963ರಲ್ಲಿ ಬಂದ ಕಥೆಯಲ್ಲಿ ಐರನ್ ಮ್ಯಾನ್ ಸೆರೆ ಸಿಕ್ಕಿದ್ದು ವಿಯೆಟ್ನಾಂನಲ್ಲಿ. 2000ದ ನಂತರ ಅದನ್ನು ಅಫ್ಘಾನಿಸ್ತಾನ ಅಂದರು. 2019ರಲ್ಲಿ ಸಿಯಾನ್‌ಕಾಂಗ್ ಅನ್ನೋ ಇಲ್ಲದ ದೇಶದಲ್ಲಿ ಒಂದು ಯುದ್ಧ ಹುಟ್ಟಿಸಿ, ಇಂಥ ಹಳೇ ಯುದ್ಧಗಳನ್ನೆಲ್ಲ ಅದರ ಮೇಲೆ ಹಾಕಿದರು. ಹಾಗಾಗಿ ಹಳೇ ಮಾರ್ವೆಲ್ ಓದುವಾಗ ಊರು, ಯುದ್ಧ, ಅಮೆರಿಕದ ಅಧ್ಯಕ್ಷರ ಹೆಸರು ಇವನ್ನೆಲ್ಲ ಗಟ್ಟಿ ಹಿಡಿಯಬೇಡಿ.

ಮಾರ್ವೆಲ್‌ನಲ್ಲಿ ನಿಜವಾಗಿ ಸಿಟ್ಟು ಬರೋದು ಸಣ್ಣ ಸಣ್ಣ ಅಳಿಸುವಿಕೆಗೆ. ಪೀಟರ್, ಮೇರಿ ಜೇನ್ 1987ರಲ್ಲಿ ಮದುವೆ ಆದರು. 2007ರಲ್ಲಿ ಮೆಫಿಸ್ಟೋ ಅನ್ನೋ ಸೈತಾನನ ಜೊತೆ ಒಪ್ಪಂದ ಮಾಡಿಸಿ ಆ ಮದುವೆಯೇ ನಡೆದಿಲ್ಲ ಅಂದುಬಿಟ್ಟರು. ಇಪ್ಪತ್ತು ವರ್ಷ ಓದಿದವರ ಹೊಟ್ಟೆ ಉರಿಯಲ್ವಾ? ನಿಮಗೆ ಸಂಸಾರಸ್ಥ ಪೀಟರ್ ಬೇಕಿದ್ದರೆ ಆ ಜಗಳಕ್ಕೆ ಹೋಗದೆ 2024ರಲ್ಲಿ ಶುರುವಾದ ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಓದಿ. ಜೋನಾಥನ್ ಹಿಕ್‌ಮನ್ ಬರೆದದ್ದು, ಲೋಕವೇ ಬೇರೆ. ಅಲ್ಲಿ ಪೀಟರ್‌ಗೆ ಹೆಂಡತಿ, ಇಬ್ಬರು ಮಕ್ಕಳು ಆದ ಮೇಲೆ ಶಕ್ತಿ ಬರುತ್ತದೆ. ಡಿಸಿ ಕೂಡ ಅದೇ ವರ್ಷ ಆಬ್ಸಲ್ಯೂಟ್ ಅಂತ ಹೊಸ ಲೋಕ ತೆಗೆದಿದೆ, ಅಲ್ಲಿನ ಬ್ರೂಸ್ ವೇನ್ ಹತ್ತಿರ ಹಣವೇ ಇಲ್ಲ. ಹಿಂದಿನ ಭಾರ ಬೇಡವೇ ಬೇಡ ಅನ್ನೋರಿಗೆ ಇವೆರಡು ಸಾಕು.

ಒಂದೇ ಪಾತ್ರಕ್ಕೆ ಎರಡು-ಮೂರು ಥರ ಕಥೆ ಇರೋದು ಕೆಲವರಿಗೆ ಸಹಿಸೋಕೆ ಆಗಲ್ಲ. ನಮ್ಮ ಕಡೆ ದೊಡ್ಡಾಟ ನೋಡಿದೋರಿಗೆ ಇದು ಹೊಸದೇನಲ್ಲ. ಒಂದೂರಿನ ಮಾಸ್ತರು ಕಲಿಸಿದ ಭೀಮ ಒಂದು ಥರ, ಪಕ್ಕದೂರಿನ ಭೀಮ ಇನ್ನೊಂದು ಥರ, ನಡುರಾತ್ರಿ ಎದ್ದು ನಿಂತು ಇದರಲ್ಲಿ ಯಾವುದು ಸರಿ ಅಂತ ಯಾರೂ ಕೇಳಲ್ಲ. ಕಾಮಿಕ್ಸನ್ನೂ ಹಾಗೇ ನೋಡಿ.

ಈಗ ಪುಸ್ತಕ ಕೊಳ್ಳೋ ವಿಷಯ. ಬಿಡಿ ಸಂಚಿಕೆ ಬೇಡ, ಆರೇಳು ಸಂಚಿಕೆ ಸೇರಿಸಿ ಹೊಲಿದ ಟ್ರೇಡ್ ಪೇಪರ್‌ಬ್ಯಾಕ್ ತೆಗೆದುಕೊಳ್ಳಿ. ಅದರಲ್ಲಿ ಮುಖಪುಟ ನೋಡಿ ಮೋಸ ಹೋಗಬೇಡಿ. ಹಿಂಬದಿ ರಟ್ಟಿನ ಕೆಳಗೆ, ಇಲ್ಲವೇ ಮೊದಲ ಪುಟಗಳಲ್ಲಿ ಕಾಪಿರೈಟ್ ಇರುವ ಕಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಯಾವ ಪತ್ರಿಕೆಯ ಯಾವ ಸಂಚಿಕೆಗಳು ಒಳಗಿವೆ ಅಂತ ಇರುತ್ತದೆ. ಅದೇ ನಿಜವಾದ ವಿಳಾಸ. ಸ್ಕಾಟ್ ಸ್ನೈಡರ್ ಬರೆದ 2011ರ ಬ್ಯಾಟ್‌ಮ್ಯಾನ್ ನೋಡಿ. ಮೊದಲ ಸಂಪುಟ ಕೋರ್ಟ್ ಆಫ್ ಔಲ್ಸ್, ಅದರಲ್ಲಿ 1ರಿಂದ 7. ಐದನೇ ಸಂಪುಟಕ್ಕೆ ಬಂದರೆ 25ರಿಂದ 27, ಆಮೇಲೆ ನೇರ 29ರಿಂದ 33. 28 ಎಲ್ಲಿ ಹೋಯಿತು? ಪುಟ ಕಳಚಿಲ್ಲ, ಪ್ರಿಂಟಿಂಗ್ ತಪ್ಪೂ ಅಲ್ಲ. ಆ ಸಂಪುಟ ಬ್ಯಾಟ್‌ಮ್ಯಾನ್‌ನ ಮೊದಲ ದಿನಗಳ ಕಥೆ, 28ನೇದು ಮುಂದೆ ಬರಲಿದ್ದ ಬೇರೆ ಪತ್ರಿಕೆಯ ಮುನ್ನೋಟ. ನಡುವೆ ಹಾಕಿದರೆ ಓಟ ತಪ್ಪುತ್ತದೆ ಅಂತ ತೆಗೆದು ಆರನೇ ಸಂಪುಟಕ್ಕೆ ಹಾಕಿದ್ದಾರೆ. ಸಂಚಿಕೆ ಪಟ್ಟಿ ಓದೋ ಅಭ್ಯಾಸ ಇದ್ದರೆ ಇಂಥದ್ದಕ್ಕೆ ಗಾಬರಿ ಆಗಲ್ಲ, ಒಂದೇ ಕಥೆಯನ್ನು ಎರಡು ಬೇರೆ ಮುಖಪುಟದಲ್ಲಿ ಎರಡು ಸಲ ಕೊಳ್ಳೋದೂ ತಪ್ಪುತ್ತದೆ.

ನಮ್ಮ ಊರಿನ ಪುಸ್ತಕದ ಅಂಗಡಿಗಳಲ್ಲಿ ಗೈಡು, ಪರೀಕ್ಷೆ ಪುಸ್ತಕಗಳೇ ಜಾಸ್ತಿ, ಹಾಗಾಗಿ ಆನ್‌ಲೈನ್ ತರಿಸೋದೇ ದಾರಿ. ಡಿಸಿ 2024ರಿಂದ ಕಾಂಪ್ಯಾಕ್ಟ್ ಕಾಮಿಕ್ಸ್ ಅಂತ ಸಣ್ಣ ಸೈಜಿನ ಅಗ್ಗದ ಪುಸ್ತಕ ತರುತ್ತಿದೆ, ಕೋರ್ಟ್ ಆಫ್ ಔಲ್ಸ್ ಅದರಲ್ಲಿ ಸಿಗುತ್ತದೆ. ಓಮ್ನಿಬಸ್ ಅನ್ನೋ ದಪ್ಪ ಪುಸ್ತಕ ಮೊದಲಿಗೇ ತರಿಸಬೇಡಿ. ದುಡ್ಡೂ ದಂಡ, ಮಲಗಿ ಓದಿದರೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದಾಗ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೈಯಾಡಿಸಿ ಬನ್ನಿ, ಆದರೆ ಅರ್ಧಂಬರ್ಧ ಸೀರೀಸಿನ ಮೂರನೇ ಸಂಪುಟ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಫೋನಿನಲ್ಲಿ ಓದೋರಿಗೆ ಮಾರ್ವೆಲ್ ಅನ್‌ಲಿಮಿಟೆಡ್ ಇದೆ, ಹೊಸ ಸಂಚಿಕೆ ಅಂಗಡಿಗೆ ಬಂದ ಸುಮಾರು ಮೂರು ತಿಂಗಳಿಗೆ ಅಲ್ಲಿಗೆ ಬರುತ್ತದೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಬೇಸಿಗೆ ಮಧ್ಯಾಹ್ನ ಕರೆಂಟ್ ಹೋಗಿ ವೈ-ಫೈ ಸತ್ತರೂ ಓದಬಹುದು. ಪುಸ್ತಕ ಹಿಡಿದು ಒಗ್ಗರಣೆ-ಮಿರ್ಚಿ ತಿನ್ನಬೇಡಿ, ನುಣುಪು ಕಾಗದಕ್ಕೆ ಎಣ್ಣೆ ಬಿದ್ದರೆ ಹೋಗಲ್ಲ.

ಈವೆಂಟ್ ಅಂದರೆ ಎಲ್ಲಾ ಹೀರೋಗಳೂ ಒಂದೇ ಜಗಳಕ್ಕೆ ಸೇರೋ ದೊಡ್ಡ ಕಥೆ. ಇಲ್ಲೇ ಜೇಬು ಖಾಲಿ ಆಗೋದು. 2006ರ ಸಿವಿಲ್ ವಾರ್ ಮುಖ್ಯ ಕಥೆ 7 ಸಂಚಿಕೆ, ಅದಕ್ಕೆ ಅಂಟಿಕೊಂಡ ಟೈ-ಇನ್‌ಗಳು ರಾಶಿ. ಮುಖ್ಯದ್ದು ಓದಿ, ಉಳಿದದ್ದು ಬಿಡಿ. ಪುಟದ ಮೂಲೆಯಲ್ಲಿ ಸಣ್ಣ ಡಬ್ಬಿಯೊಳಗೆ "ಇದಕ್ಕೆ ಇಂಥ ಸಂಚಿಕೆ ನೋಡಿ" ಅಂತ ಎಡಿಟರ್ ಬರೆದಿರುತ್ತಾರೆ. ನೋಡಬೇಡಿ, ಮುಂದೆ ಹೋಗಿ. ಅರ್ಥ ಆಗದ ಹೆಸರು ಬಂದರೆ ಎರಡು ಸಾಲು ಹುಡುಕಿ ತಿಳಿದುಕೊಂಡರೆ ಸಾಕು. ಸಿನಿಮಾ ಮಾತ್ರ ನಂಬಿಕೊಂಡು ಬರಬೇಡಿ. ಸಿನಿಮಾದಲ್ಲಿ ಅಲ್ಟ್ರಾನ್ ಅನ್ನೋ ಖಳ ರೋಬೋವನ್ನು ಹುಟ್ಟಿಸೋದು ಟೋನಿ ಸ್ಟಾರ್ಕ್, ಕಾಮಿಕ್ಸಲ್ಲಿ ಹ್ಯಾಂಕ್ ಪಿಮ್. ಥಾನೋಸ್ ಚಿಟಿಕೆ ಹೊಡೆಯೋದು 1991ರ ಇನ್ಫಿನಿಟಿ ಗಾಂಟ್ಲೆಟ್‌ನಲ್ಲಿ, ಅದು 6 ಸಂಚಿಕೆ ಅಷ್ಟೇ. ಅಲ್ಲಿ ಅವನು ಲೋಕದ ಅರ್ಧ ಜೀವ ತೆಗೆಯೋದು ಸಾವು ಅನ್ನೋ ಹೆಣ್ಣನ್ನು ಮೆಚ್ಚಿಸೋಕೆ.

ಮಾರ್ವೆಲ್‌ನ ಎಕ್ಸ್-ಮೆನ್ ಅನ್ನೋ ತಂಡದ ಕಥೆ ಕೇಳೋರು ಜಾಸ್ತಿ, ಗೊಂದಲದಲ್ಲೂ ಅದೇ ಮೊದಲು. ಸತ್ತು ಎದ್ದವರು, ಭವಿಷ್ಯದಿಂದ ಬಂದ ಮಕ್ಕಳು, ಬೇರೆ ಲೋಕದಿಂದ ಬಂದ ತಮ್ಮಂದಿರು, ಲೆಕ್ಕವೇ ಇಲ್ಲ. ಇದಕ್ಕೂ ಒಂದು ಬಾಗಿಲು ಇದೆ: 2019ರ ಹೌಸ್ ಆಫ್ ಎಕ್ಸ್ ಮತ್ತು ಪವರ್ಸ್ ಆಫ್ ಎಕ್ಸ್. ಹಿಕ್‌ಮನ್ ಬರೆದದ್ದು, ಆರಾರು ಸಂಚಿಕೆ. ಎರಡನ್ನೂ ಬೇರೆ ಬೇರೆ ಓದಿದರೆ ಏನೂ ತಿಳಿಯಲ್ಲ, ಅವು ಬಂದ ಕ್ರಮದಲ್ಲೇ ಒಂದರ ನಡುವೆ ಒಂದು ಓದಬೇಕು. ಎರಡೂ ಸೇರಿದ ಒಂದೇ ಪುಸ್ತಕ ಸಿಗುತ್ತದೆ, ಅದರಲ್ಲಿ ಕ್ರಮ ಸರಿಯಾಗಿದೆ, ಅದನ್ನೇ ತರಿಸಿ. ಮೊಯ್ರಾ ಅನ್ನೋ ಹೆಂಗಸು ಸತ್ತು ಮತ್ತೆ ಮತ್ತೆ ತನ್ನ ಜೀವನವನ್ನೇ ಮೊದಲಿಂದ ಬದುಕಿದವಳು ಅಂತ ಗೊತ್ತಾಗೋದು ಹೌಸ್ ಆಫ್ ಎಕ್ಸ್ ಎರಡನೇ ಸಂಚಿಕೆಯಲ್ಲಿ. ಅಲ್ಲಿಯವರೆಗೆ ತಾಳ್ಮೆ ಇಟ್ಟು ಓದಿ. ಅದಾದ ಮೇಲೂ ಹಿಡಿಸದಿದ್ದರೆ ಎಕ್ಸ್-ಮೆನ್ ಬಿಟ್ಟು ಹಲ್ಕ್‌ಗೆ ಹೋಗಿ.