ಮನೆಯೊಳಗೇ ಉಳಿಯಬೇಕಾದಾಗ ಹೆದರಿಕೆ, ಒಂಟಿತನ ಇಳಿಸಿಕೊಳ್ಳುವುದು ಹೇಗೆ?

2020ರ ಮಾರ್ಚ್ ಮೊದಲ ವಾರ ನಾನು ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಅದು ಮುಗಿದು ಎರಡು ವಾರಕ್ಕೆ, ಮಾರ್ಚ್ 25ರಂದು, ಕೊರೊನಾದಿಂದಾಗಿ ಇಡೀ ದೇಶ ಬಾಗಿಲು ಹಾಕಿಕೊಂಡಿತು. ನಾನು ಕಾರವಾರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಆಯಿ, ಅಂದರೆ ಅಮ್ಮ, ಶಿರಸಿ ಹತ್ತಿರದ ಹಳ್ಳಿಯಲ್ಲಿ, ತೋಟದ ಅಂಚಿನ ಮನೆಯಲ್ಲಿ ಒಬ್ಬಳೇ. ನಡುವೆ 120 ಕಿ.ಮೀ. ಆಸುಪಾಸು ದಾರಿ, ಒಂದು ಘಟ್ಟ, ಮತ್ತೆ ಪೊಲೀಸರ ಬ್ಯಾರಿಕೇಡ್‌ಗಳು.

ಮೊದಲು 21 ದಿನ ಎಂದರು. ಏಪ್ರಿಲ್ 14ಕ್ಕೆ ಮುಗಿಯಬೇಕಿತ್ತು, ಮೇ 3 ಎಂದಾಯಿತು, ಆಮೇಲೆ ಮೇ 17, ಆಮೇಲೆ ಮೇ 31. ನನ್ನನ್ನು ಜಾಸ್ತಿ ಕುಗ್ಗಿಸಿದ್ದು ರೋಗದ ಹೆದರಿಕೆಗಿಂತ ಈ ತಾರೀಕು ಮುಂದೆ ಹೋಗುವುದೇ. 2021ರ ಮೇ ತಿಂಗಳಲ್ಲಿ ಮತ್ತೆ ಅದೇ, ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಅದರ ಮಧ್ಯದಲ್ಲೇ ತೌಕ್ತೆ ಚಂಡಮಾರುತ ಬಂದು ಕರಾವಳಿಯಲ್ಲಿ ಕರೆಂಟೂ ಹೋಯಿತು.

ಕೊರೊನಾ ಕಳೆಯಿತಲ್ಲ, ಈಗ್ಯಾಕೆ ಇದು ಅನ್ನಬೇಡಿ. ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲೆ ಗುಡ್ಡ ಕುಸಿದರೆ ದಾರಿ ಬಂದ್. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತಿದೆ. ಸೊಂಟ ಮುರಿದುಕೊಂಡು ಮಲಗಿದವರು, ಅವರನ್ನು ನೋಡಿಕೊಳ್ಳುವವರು, ಇವರೂ ತಿಂಗಳುಗಟ್ಟಲೆ ನಾಲ್ಕು ಗೋಡೆಯೊಳಗೇ ಇರುತ್ತಾರೆ. ಅವರಿಗೂ ಇದು ಬೇಕು. ನಾನು ಡಾಕ್ಟರ್ ಅಲ್ಲ. ಡಾಕ್ಟರು ಹೇಳಿದ್ದನ್ನು ಮಾಡಿ ನೋಡಿದವಳು.

ಎದೆ ಡವಗುಟ್ಟಿದಾಗ ಮೊದಲು ಮಾಡಬೇಕಾದ್ದು

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎದೆ ಬಿಗಿದಿತ್ತು, ಉಸಿರು ಸಾಕಾಗುತ್ತಿರಲಿಲ್ಲ, ಕೈಬೆರಳು ಜುಮ್ಮೆನ್ನುತ್ತಿತ್ತು. ಕೊರೊನಾ ಬಂತು, ಇನ್ನು ಬೆಳಗಾಗುವುದಿಲ್ಲ ಅಂತಲೇ ಅಂದುಕೊಂಡೆ. ಪಕ್ಕದ ಮನೆಯವರು ಬಾಗಿಲ ಹೊರಗಿಟ್ಟು ಹೋದ, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್‌ನಲ್ಲಿ ನೋಡಿದರೆ 98.

ಹಾಗಾಗಿ ಮೊದಲ ಹೆಜ್ಜೆ, ಮೈ ಸರಿಯಿದೆಯಾ ಅಂತ ನೋಡಿಕೊಳ್ಳುವುದು. ಐದು ನಿಮಿಷ ಸುಮ್ನೆ ಕೂತು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಆಕ್ಸಿಮೀಟರ್ ಹಾಕಿ. ಉಗುರಿಗೆ ಬಣ್ಣ, ಬೆರಳಿಗೆ ಮದರಂಗಿ ಇದ್ದರೆ ಲೆಕ್ಕ ತಪ್ಪು ಬರಬಹುದು, ಬೇರೆ ಬೆರಳು ನೋಡಿ. ಸಂಖ್ಯೆ ನಿಲ್ಲುವವರೆಗೆ ಒಂದು ನಿಮಿಷ ಬಿಡಿ. 95 ಅಥವಾ ಮೇಲಿದ್ದರೆ ಆಮ್ಲಜನಕ ಸಾಕಷ್ಟಿದೆ. 94ಕ್ಕಿಂತ ಕೆಳಗೇ ನಿಂತಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎದೆನೋವು ಎಡಗೈಗೋ ದವಡೆಗೋ ಹರಿಯುತ್ತಿದ್ದರೆ, ತಣ್ಣನೆ ಬೆವರು ಬರುತ್ತಿದ್ದರೆ, ಆಕ್ಸಿಮೀಟರ್ ಎಷ್ಟೇ ತೋರಿಸಲಿ, ಅದನ್ನು ಹೆದರಿಕೆ ಅಂತ ತಳ್ಳಿಹಾಕಬಾರದು. ಆಗಲೂ 108.

ಇದ್ಯಾವುದೂ ಅಲ್ಲ ಅಂತಾದರೆ ಉಸಿರಿನ ಕೆಲಸ. ಹೆದರಿದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಹುಲಿ ಎದುರು ಬಂದರೆ ಓಡಲು ಮೈ ಹೇಗೆ ತಯಾರಾಗುತ್ತದೋ ಹಾಗೇ. ನಾವು ಓಡುವುದಿಲ್ಲ, ಹಾಸಿಗೆಯಲ್ಲೇ ಇರುತ್ತೇವೆ. ಉಸಿರು ಮಾತ್ರ ಓಡುತ್ತಿರುತ್ತದೆ. ಹೀಗೆ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ನಾಲ್ಕು ಎಣಿಸುತ್ತ ಮೂಗಿನಲ್ಲಿ ಎಳೆದುಕೊಳ್ಳಿ, ಆರು ಎಣಿಸುತ್ತ ನಿಧಾನ ಬಿಡಿ. ಬಿಡುವ ಉಸಿರು ಉದ್ದ ಇರಬೇಕು, ಆಗ ಎದೆಬಡಿತ ಇಳಿಯುತ್ತದೆ. ಐದು ನಿಮಿಷ ಸಾಕು. ಇಂಥ ಹೆದರಿಕೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯಲು ಶುರುವಾಗುತ್ತದೆ. ಇದು ಗೊತ್ತಿದ್ದರೇ ಅರ್ಧ ಧೈರ್ಯ ಬರುತ್ತದೆ. ಹಗಲಲ್ಲಿ, ಆರಾಮಾಗಿದ್ದಾಗಲೇ ಅಭ್ಯಾಸ ಮಾಡಿಕೊಳ್ಳಿ. ಹೆದರಿದ ಮೇಲೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಸುದ್ದಿಗೆ ಒಂದು ಹೊತ್ತು

ದಿನಕ್ಕೆ ಎರಡು ಸಲ ಸಾಕು, ತಲಾ ಹದಿನೈದು ನಿಮಿಷ. ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿತ್ತು, ಅಷ್ಟು ನೋಡಿ ಟಿವಿ ಆರಿಸುತ್ತಿದ್ದೆ. ಮಲಗುವ ಮುಂಚಿನ ಒಂದು ಗಂಟೆ ಸುದ್ದಿ ಬೇಡವೇ ಬೇಡ. ಮನೆತನದ ವಾಟ್ಸ್ಆ್ಯಪ್ ಗುಂಪನ್ನು ಮ್ಯೂಟ್ ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೆ ತಿಳಿಯುವುದೇ ಇಲ್ಲ. ಎಲ್ಲಿಂದ ಬಂತು ಅಂತ ತಿಳಿಯದ ಸಂದೇಶವನ್ನು ಮುಂದೆ ಕಳಿಸಬೇಡಿ. ಭಟ್ಕಳದಲ್ಲಿ ಮೊದಮೊದಲು ಕೇಸು ಜಾಸ್ತಿ ಬಂದಾಗ ಎಂಥೆಂಥ ಸಂದೇಶ ಓಡಾಡಿದವು, ಅಕ್ಕಪಕ್ಕದ ಊರಿನವರೇ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗಾಯಿತು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಚಿಂತೆಯನ್ನು ಕಾಗದಕ್ಕೆ ಇಳಿಸಿ

ಚಿಂತೆ ಮಾಡಬೇಡ ಅಂದರೆ ಯಾರಿಂದಲೂ ಆಗುವುದಿಲ್ಲ. ಅದರ ಬದಲು ಅದಕ್ಕೊಂದು ಸಮಯ ಕೊಡಿ. ಸಂಜೆ ಐದರಿಂದ ಐದೂವರೆ ಅಂತ ಇಟ್ಟುಕೊಳ್ಳಿ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದಿಟ್ಟು, ಸಂಜೆ ನೋಡೋಣ ಅನ್ನಿ. ಸಂಜೆ ಪುಸ್ತಕ ತೆಗೆದು ಪುಟದ ಮಧ್ಯೆ ಗೆರೆ ಹಾಕಿ. ಎಡಕ್ಕೆ ನಮ್ಮ ಕೈಲಿರುವುದು, ಬಲಕ್ಕೆ ನಮ್ಮ ಕೈಲಿಲ್ಲದ್ದು.

ನನ್ನ ಪುಸ್ತಕದ ಒಂದು ಪುಟ ಹೀಗಿತ್ತು. "ಆಯಿಯ ಬಿಪಿ ಮಾತ್ರೆ ಹತ್ತೇ ದಿನಕ್ಕಿದೆ" ಎಡಕ್ಕೆ. "ಲಾಕ್‌ಡೌನ್ ಯಾವಾಗ ತೆಗೆಯುತ್ತಾರೆ" ಬಲಕ್ಕೆ. "ಗೋವಾಕ್ಕೆ ಕೆಲಸಕ್ಕೆ ಹೋಗುತ್ತಿದ್ದ ತಮ್ಮನ ಸಂಬಳ" ಎರಡಕ್ಕೂ ಸೇರಿತು, ಯಾಕೆಂದರೆ ಗಡಿ ತೆರೆಯುವುದು ನಮ್ಮ ಕೈಲಿರಲಿಲ್ಲ, ಅವನ ಮನೆಗೆ ಒಂದು ತಿಂಗಳ ಅಕ್ಕಿ ಬೇಳೆ ತರಿಸುವುದು ಕೈಲಿತ್ತು. ಎಡಗಡೆಯ ಪ್ರತಿಯೊಂದಕ್ಕೂ ಮರುದಿನ ಮಾಡುವ ಒಂದು ಕೆಲಸ ಬರೆಯಬೇಕು. ಆಯಿಯ ಮಾತ್ರೆಗೆ ನಾನು ಬರೆದದ್ದು, "ಹಾಲಿನ ಡೇರಿಗೆ ದಿನಾ ಹೋಗುವವರಿಗೆ ಫೋನ್ ಮಾಡು, ಚೀಟಿಯ ಫೋಟೊ ಕಳಿಸು." ಎರಡೇ ದಿನಕ್ಕೆ ಮಾತ್ರೆ ಬಂತು. ಬಲಗಡೆಯದಕ್ಕೆ ಏನೂ ಬರೆಯಬೇಡಿ, ಹಾಗೇ ಇರಲಿ.

ಮಳೆಗಾಲಕ್ಕೆ ತಯಾರಾದ ಹಾಗೆ ದಿನಕ್ಕೆ ತಯಾರಾಗುವುದು

ಎಲ್ಲಕ್ಕಿಂತ ನನಗೆ ಉಪಯೋಗವಾದದ್ದು ಇದು.

ಘಟ್ಟದ ಮೇಲಿನ ಮನೆಗಳಲ್ಲಿ ಮನೆಯೊಳಗೇ ಇರುವುದು ಹೊಸದೇನಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಜೂನ್‌ನಿಂದ ಮೂರು ತಿಂಗಳು ಹಳ್ಳ ತುಂಬಿ, ಸಂಕ (ಹಳ್ಳ ದಾಟುವ ಕಾಲುಸೇತುವೆ) ಮುಳುಗಿ, ಪಕ್ಕದ ಮನೆಗೆ ಹೋಗುವುದೂ ಕಷ್ಟವಿತ್ತು. ಆದರೂ ಅವರು ಕಂಗೆಡುತ್ತಿರಲಿಲ್ಲ. ಯಾಕೆ ಅಂತ ಲಾಕ್‌ಡೌನಿನಲ್ಲಿ ಆಯಿಯ ಹತ್ತಿರ ಫೋನಿನಲ್ಲಿ ಕೇಳಿದ್ದೆ. ಅವಳು ಹೇಳಿದ್ದು ಇಷ್ಟೇ: ಕೆಲಸ ಇರ್ತಿತ್ತಲೇ. ಒಣಗಿದ ಕಟ್ಟಿಗೆ ಒಟ್ಟುವುದು, ಮಾವಿನ ಮಿಡಿ ಉಪ್ಪಿಗೆ ಹಾಕುವುದು, ಹಪ್ಪಳ ಒಣಗಿಸಿ ಡಬ್ಬಿ ತುಂಬುವುದು, ಇದೆಲ್ಲ ಮಳೆಗೆ ಮುಂಚೆ. ಮಳೆ ಹಿಡಿದ ಮೇಲೆ ಕೊಟ್ಟಿಗೆ, ತೋಟ, ಚಾಪೆ, ಹೊಲಿಗೆ. ಯಾವ ಹೊತ್ತಿಗೆ ಏನು ಅಂತ ಮೊದಲೇ ಗೊತ್ತಿರುತ್ತಿತ್ತು.

ಕಾರವಾರದ ಕೋಣೆಯಲ್ಲಿ ನನಗೆ ಇಲ್ಲದೇ ಇದ್ದದ್ದು ಅದೇ. ಏಳುವ ಹೊತ್ತಿಲ್ಲ, ಊಟದ ಹೊತ್ತಿಲ್ಲ. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಮಾಡಿದರಾಯಿತು ಅಂತ ಬಿದ್ದುಕೊಂಡಿದ್ದೆ. ಅದು ಉಲ್ಟಾ. ಕೈ ಮೊದಲು ಹೊರಡಬೇಕು, ಮನಸ್ಸು ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಮನಸ್ಸು ಕುಗ್ಗಿದವರಿಗೆ ಕೌನ್ಸೆಲಿಂಗ್‌ನಲ್ಲಿ ಹೇಳಿಕೊಡುವುದೂ ಇದನ್ನೇ, ಬೇಕು ಅನ್ನಿಸದಿದ್ದರೂ ಸಣ್ಣ ಕೆಲಸ ಶುರುಮಾಡಿ ಅಂತ.

ಮಾಡುವ ಕ್ರಮ ಹೀಗೆ. ಏಳುವ ಸಮಯ ದಿನಾ ಒಂದೇ ಇರಲಿ, ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ದರೂ. ಎದ್ದ ಕೂಡಲೇ ಹದಿನೈದು ನಿಮಿಷ ಬೆಳಕಿಗೆ ಬನ್ನಿ, ಅಂಗಳವೋ ಟೆರೇಸೋ ಕಿಟಕಿಯೋ, ಏನಿದೆಯೋ ಅಲ್ಲಿ. ಬೆಳಗಿನ ಬೆಳಕು ಬಿದ್ದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಸ್ನಾನ ಮಾಡಿ ಬಟ್ಟೆ ಬದಲಿಸಿ. ಆಮೇಲೆ ದಿನಕ್ಕೆ ಮೂರು ಕೆಲಸ ಮಾತ್ರ ಗೊತ್ತುಮಾಡಿ: ಒಂದು ಮನೆಯದ್ದು, ಒಂದು ಮೈಗೆ ಬೆವರು ತರುವಂಥದ್ದು, ಒಂದು ನಾಲ್ಕು ದಿನ ಮುಂದುವರಿಯುವಂಥದ್ದು. ಈ ಮೂರನೆಯದೇ ಮುಖ್ಯ. ನಾಳೆಗೂ ಅದು ಕಾಯುತ್ತಿರುತ್ತದೆ, ಏಳಲು ಕಾರಣ ಸಿಗುತ್ತದೆ.

ನನಗೆ ಸಿಕ್ಕ ಮೂರನೆಯ ಕೆಲಸ ಹಲಸಿನ ಹಪ್ಪಳ. ಮನೆ ಯಜಮಾನರು ಹಿತ್ತಿಲಿನ ಬಲಿತ ಹಲಸಿನಕಾಯಿ ಒಂದನ್ನು ಬಾಗಿಲಲ್ಲಿ ಇಟ್ಟಿದ್ದರು. ಆಯಿ ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಮಾಡುತ್ತಾ ಹೋದೆ. ಮೊದಲ ದಿನ ಕೈಗೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿದ್ದು, ಮೇಣ ಬಿಡಿಸಿಕೊಳ್ಳುವುದೇ ಒಂದು ಹೊತ್ತಾಯಿತು. ಎರಡನೇ ದಿನ ಬೇಯಿಸಿ, ಮೆಣಸು ಉಪ್ಪು ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ತಟ್ಟೆಯಿಂದ ಒತ್ತಿದ್ದು. ಆಮೇಲೆ ಮೂರು ದಿನ ಟೆರೇಸಿನಲ್ಲಿ ಒಣಗಿಸುತ್ತ ಕಾಗೆ ಕಾದದ್ದು. ಹಪ್ಪಳ ಸ್ವಲ್ಪ ದಪ್ಪ ಆಗಿತ್ತು. ಆದರೆ ಆ ಐದು ದಿನದಲ್ಲಿ ನಾನು ಒಂದು ರಾತ್ರಿಯೂ ಎರಡು ಗಂಟೆಗೆ ಏಳಲಿಲ್ಲ. ನಿಮಗೆ ಹಪ್ಪಳವೇ ಆಗಬೇಕಿಲ್ಲ. ಹಳೇ ಸೀರೆಯ ಕೌದಿ, ಬಲೆ ರಿಪೇರಿ, ಮಗುವಿಗೆ ಮಗ್ಗಿ ಕಲಿಸುವುದು, ಯಾವುದಾದರೂ ಸರಿ. ಕೈಗೆ ಹಿಡಿಯುವಂಥದ್ದಾಗಿದ್ದರೆ ಒಳ್ಳೆಯದು.

ಫೋನು ಒಂದೇ ಹೊತ್ತಿಗೆ

ಹುಷಾರಾಗಿದ್ದೀರಾ ಅಂತ ಕೇಳಿದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ಸಣ್ಣ ವಿಷಯ ಕೇಳಿ. ದನ ಎಷ್ಟು ಹಾಲು ಕೊಟ್ಟಿತು, ಇವತ್ತು ಯಾವ ತಂಬುಳಿ. ನಮ್ಮದು ರಾತ್ರಿ ಏಳೂವರೆಗೆ. ಆ ಹೊತ್ತಿಗೆ ಆಯಿ ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಗೆ ಬಂದು ನಿಂತಿರುತ್ತಿದ್ದಳು. "ಊಟ ಆತನೇ ಕೂಸೇ?" ಅಂತಲೇ ಅವಳ ಮೊದಲ ಮಾತು. ಹೊತ್ತು ಗೊತ್ತಿದ್ದರೆ ಇನ್ನೊಂದು ಲಾಭವಿದೆ. ಒಂಟಿ ಮನೆಯಲ್ಲಿರುವ ಹಿರಿಯರು ಆ ಹೊತ್ತಿಗೆ ಫೋನ್ ಎತ್ತದಿದ್ದರೆ ಏನೋ ಆಗಿದೆ ಅಂತ ತಕ್ಷಣ ತಿಳಿಯುತ್ತದೆ, ಪಕ್ಕದ ಮನೆಯವರನ್ನು ಕಳಿಸಬಹುದು. ಹಿರಿಯರ ಹತ್ತಿರ ಏನಾದರೂ ಹೇಳಿಸಿಕೊಳ್ಳಿ, ಕಲಿಸಿಕೊಡಿ ಅನ್ನಿ. ತಮ್ಮಿಂದ ಇನ್ನೊಬ್ಬರಿಗೆ ಉಪಯೋಗ ಇದೆ ಅಂತ ಅನ್ನಿಸಿದರೆ ಅವರ ದನಿಯೇ ಬೇರೆಯಾಗುತ್ತದೆ.

ತುಂಬಿದ ಮನೆಯ ಕಷ್ಟ ಬೇರೆ. ಎಲ್ಲರೂ ಮನೆಯಲ್ಲಿ, ಹೆಂಗಸರಿಗೆ ಮಾತ್ರ ಮೂರು ಹೊತ್ತೂ ಅಡುಗೆಮನೆ. ಪಾತ್ರೆ ಒಬ್ಬರು, ಕಸ ಒಬ್ಬರು ಅಂತ ಮೊದಲ ದಿನವೇ ಹಂಚಿಕೊಳ್ಳಿ. ಪ್ರತಿಯೊಬ್ಬರಿಗೂ ದಿನಕ್ಕೆ ಒಂದು ಗಂಟೆ ಯಾರೂ ಕರೆಯದ ಸಮಯ ಬೇಕು, ಅತ್ತೆಗೂ ಸೊಸೆಗೂ. ಜಗಳ ಕೈ ಎತ್ತುವವರೆಗೆ ಹೋದರೆ ಅದನ್ನು ಸಹಿಸಿಕೊಳ್ಳಬೇಕಿಲ್ಲ. ಮಹಿಳೆಯರಿಗೆ 181, ಮಕ್ಕಳಿಗೆ 1098, ಕೂಡಲೇ ಪೊಲೀಸ್ ಬೇಕಾದರೆ 112.

ಕ್ವಾರಂಟೈನ್ ಮುಗಿಸಿ ಬಂದವರನ್ನು ನಾವು ನೋಡಿದ ರೀತಿ ಸರಿಯಿರಲಿಲ್ಲ. ಮುಂಬೈಯಿಂದ ಬಂದು ಹಾಸ್ಟೆಲ್, ಶಾಲೆಗಳಲ್ಲಿ ದಿನ ಎಣಿಸಿ ಮನೆಗೆ ಬಂದರೆ, ಊರಿನವರು ದಾರಿ ಬಿಟ್ಟು ನಡೆದರು. ಅಂತರ ಬೇಕು, ಮಾತು ನಿಲ್ಲಿಸಬೇಕಿಲ್ಲ. ಗೇಟಿನ ಹೊರಗೆ ನಿಂತು ಹೆಸರು ಹಿಡಿದು ಕರೆದು ಎರಡು ಮಾತಾಡಿ. ಊಟ ಇಟ್ಟು ಬರುವಾಗ ಒಂದು ಚೀಟಿ ಬರೆದಿಡಿ.

ನಿದ್ದೆ

ಮಧ್ಯಾಹ್ನ ಮೂರರ ಮೇಲೆ ಚಹಾ, ಕಾಫಿ ಬಿಡಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಲಗಿ. ಫೋನು ಬೇರೆ ಕೋಣೆಯಲ್ಲಿರಲಿ.

ಇಷ್ಟರಿಂದ ಆಗದಿದ್ದರೆ

ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಡಾಕ್ಟರನ್ನು ನೋಡಬೇಕು. ಸಾಯಬೇಕು ಅಂತ ಅನ್ನಿಸಿದರೆ ಎರಡು ವಾರವೂ ಕಾಯಬಾರದು, ಆ ಕ್ಷಣವೇ ಒಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಮೊದಲಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಒಂದು ತಿಂಗಳದ್ದು ಮುಂಚೆಯೇ ತಂದಿಡಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ, ಇದನ್ನು ಮನೆಯವರು ತಿಳಿದಿರಬೇಕು. 2020ರಲ್ಲಿ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ಮುಚ್ಚಿದ್ದವು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಕ, ಬೆವರು, ಎರಡು ಮೂರು ದಿನದಲ್ಲಿ ಫಿಟ್ಸ್ ಅಥವಾ ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಅದು ನಾಟಕ ಅಲ್ಲ, ಹಟವೂ ಅಲ್ಲ, ಜೀವಕ್ಕೇ ಅಪಾಯ. ಬೈಯುತ್ತ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ನಂಬರುಗಳನ್ನು ಫೋನಿನಲ್ಲಿಟ್ಟರೆ ಸಾಲದು. ಹೆದರಿದಾಗ ಹುಡುಕಲು ಕೈ ಬರುವುದಿಲ್ಲ, ಹಿರಿಯರಿಗಂತೂ ಇಲ್ಲವೇ ಇಲ್ಲ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 108, 112, 181, 14416, ಕೆಳಗೆ ಪಕ್ಕದ ಮನೆಯವರ ನಂಬರು ಬರೆದು ಗೋಡೆಗೆ ಹೊಡೆಯಿರಿ. ಆಯಿಯ ಮನೆಯಲ್ಲಿ ಅದು ಜಗಲಿಯ ಆ ಮೂಲೆಯಲ್ಲೇ ಇದೆ, ಅವಳು ಏಳೂವರೆಗೆ ಫೋನ್ ಹಿಡಿದು ನಿಲ್ಲುವ ಜಾಗದಲ್ಲಿ.