ಸ್ಟ್ರೀಮಿಂಗ್ ದುಡ್ಡು ಸೋರದೆ ಕೈಸೇರಲು: ಹಾಡುಗಾರರು, ವಾದ್ಯಗಾರರು ಮಾಡಬೇಕಾದ್ದು

ಹಾಡು 30 ಸೆಕೆಂಡು ಓಡಿದರೆ ಸ್ಪಾಟಿಫೈ ಅದನ್ನು ಒಂದು ಸ್ಟ್ರೀಮ್ ಎಂದು ಎಣಿಸುತ್ತದೆ. ಆ ಒಂದು ಸ್ಟ್ರೀಮಿಗೆ ಹುಟ್ಟುವ ದುಡ್ಡು ಪುಡಿಗಾಸು. ಆ ಪುಡಿಗಾಸಿನಲ್ಲೂ ಒಂದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ದರ ಹೆಚ್ಚಿಸುವುದು ಒಬ್ಬ ಕಲಾವಿದರ ಕೈಯಲ್ಲಿಲ್ಲ, ಆದರೆ ಸೋರಿಕೆ ನಿಲ್ಲಿಸುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ಅಮೆರಿಕದಲ್ಲಿ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಎಂಬ ಸಂಸ್ಥೆ 2021ರಲ್ಲಿ ಕೆಲಸ ಶುರುಮಾಡಿದಾಗ, ಯಾರಿಗೆ ಕೊಡಬೇಕೆಂದು ತಿಳಿಯದೆ ಸ್ಟ್ರೀಮಿಂಗ್ ಕಂಪನಿಗಳ ಬಳಿ ಉಳಿದಿದ್ದ 42 ಕೋಟಿ ಡಾಲರ್‌ಗೂ ಹೆಚ್ಚು ಹಣ ಅದರ ಕೈಗೆ ಬಂತು. ಅಷ್ಟೂ ಸಾಹಿತ್ಯ ಬರೆದವರ, ರಾಗ ಹಾಕಿದವರ ಪಾಲಿನ ದುಡ್ಡು. ವಾರಸುದಾರರು ಸಿಗದ ಇಂಥ ಹಣವನ್ನು ಕೆಲವು ವರ್ಷ ಕಾದು, ಮಾರುಕಟ್ಟೆಯಲ್ಲಿ ಯಾರ ಪಾಲು ಎಷ್ಟಿದೆಯೋ ಆ ಲೆಕ್ಕದಲ್ಲಿ ಹಂಚಲು ಅಲ್ಲಿನ ಕಾನೂನಿನಲ್ಲೇ ಅವಕಾಶವಿದೆ. ಅಂದರೆ ನಿಮ್ಮ ಹೆಸರು ಅಂಟಿರದ ದುಡ್ಡು ಈಗಾಗಲೇ ದೊಡ್ಡವರಾದವರ ಜೇಬಿಗೆ ಹೋಗುತ್ತದೆ.

ಆದ್ದರಿಂದ ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ದುಡ್ಡು ಹಾದುಹೋಗುವ ಪ್ರತಿ ತಿರುವಿನಲ್ಲೂ ಸರಿಯಾದ ಹೆಸರು ಬರೆದಿಡುವುದು.

ದುಡ್ಡು ಹುಟ್ಟುವ ಬಗೆ

"ಒಂದು ಸ್ಟ್ರೀಮಿಗೆ ಎಷ್ಟು?" ಎಂಬ ಪ್ರಶ್ನೆಗೆ ನಿಗದಿತ ಉತ್ತರವಿಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದದ್ದೆಲ್ಲ ಒಂದು ರಾಶಿಯಾಗುತ್ತದೆ. ಅದರಲ್ಲಿ ಸುಮಾರು ಶೇ. 30ನ್ನು ಆ್ಯಪ್ ಇಟ್ಟುಕೊಳ್ಳುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು, ಒಟ್ಟು ರಾಶಿಯ ಅರ್ಧಕ್ಕಿಂತ ತುಸು ಹೆಚ್ಚು, ರೆಕಾರ್ಡಿಂಗ್‌ಗೆ ಹೋಗುತ್ತದೆ. ಹೆಚ್ಚುಕಡಿಮೆ ಶೇ. 15 ಸಾಹಿತ್ಯ ಮತ್ತು ಸಂಯೋಜನೆಗೆ. ಈ ಪಾಲುಗಳನ್ನು ಆಯಾ ದೇಶದ ಒಟ್ಟು ಸ್ಟ್ರೀಮ್‌ಗಳಲ್ಲಿ ನಿಮ್ಮ ಹಾಡಿನದು ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಹಂಚುತ್ತಾರೆ.

ಈ ಹಂಚಿಕೆಯ ಗುಣ ತಿಳಿಯಲು ಚಿಕ್ಕ ಲೆಕ್ಕ ಸಾಕು. ಇಬ್ಬರೇ ಚಂದಾದಾರರು, ತಲಾ 100 ಕೊಟ್ಟರು ಎಂದುಕೊಳ್ಳಿ. ಒಬ್ಬರು ತಿಂಗಳಿಗೆ 900 ಸಲ ಬೇರೆಯವರ ಹಾಡು ಕೇಳಿದರು. ಇನ್ನೊಬ್ಬರು 100 ಸಲ ಕೇಳಿದರು, ಎಲ್ಲವೂ ನಿಮ್ಮ ಹಾಡೇ. ಆ್ಯಪ್‌ನ ಪಾಲು ಕಳೆದು ಹಂಚಲು 140 ಉಳಿಯಿತು. ಒಟ್ಟು 1,000 ಸ್ಟ್ರೀಮ್‌ಗಳಲ್ಲಿ ನಿಮ್ಮದು ಹತ್ತನೇ ಒಂದು, ಹಾಗಾಗಿ ನಿಮಗೆ 14. ನಿಮ್ಮೊಬ್ಬರನ್ನೇ ಕೇಳಿದವರ ಚಂದಾದಲ್ಲೂ ಬಹುಪಾಲು ನಿಮಗೆ ಬರಲಿಲ್ಲ. ಪ್ರತಿ ಕೇಳುಗರ ಚಂದಾವನ್ನು ಅವರು ಕೇಳಿದವರಿಗಷ್ಟೇ ಹಂಚಿದ್ದರೆ 70 ಬರುತ್ತಿತ್ತು. ಸೌಂಡ್‌ಕ್ಲೌಡ್ ಎಂಬ ಆ್ಯಪ್ 2021ರಲ್ಲಿ ಈ ಎರಡನೇ ಬಗೆಯನ್ನು ತಂದಿತು. ನಿಷ್ಠಾವಂತ ಕೇಳುಗರಿರುವ ಸಣ್ಣ ತಂಡಗಳಿಗೆ ಇದೇ ನ್ಯಾಯವಾದ ದಾರಿ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ದೊಡ್ಡ ಆ್ಯಪ್‌ಗಳಲ್ಲಿ ನಡೆಯುವುದು ಇಂದಿಗೂ ಮುಖ್ಯವಾಗಿ ಮೊದಲನೆಯದೇ.

ಒಂದು ಹಾಡು, ಎರಡು ಆಸ್ತಿ

ಇದೊಂದನ್ನು ಗಟ್ಟಿಮಾಡಿಕೊಂಡರೆ ಉಳಿದದ್ದು ಸಲೀಸು. ಸಾಹಿತ್ಯ ಮತ್ತು ರಾಗ ಸೇರಿದ ಕೃತಿ ಒಂದು ಆಸ್ತಿ. ಅದನ್ನು ಹಾಡಿ, ನುಡಿಸಿ, ಮುದ್ರಿಸಿದ ಮಾಸ್ಟರ್ ಇನ್ನೊಂದು. ಎರಡರ ದುಡ್ಡೂ ಬೇರೆ ಬೇರೆ ಕಾಲುವೆಗಳಲ್ಲಿ ಹರಿಯುತ್ತದೆ. ಮಾಸ್ಟರಿನ ಹಣ ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಅಥವಾ ಲೇಬಲ್ (ರೆಕಾರ್ಡ್ ಕಂಪನಿ) ಮೂಲಕ ಬರುತ್ತದೆ. ಕೃತಿಯ ಹಣ, ಕೃತಿಕಾರರ ಪರವಾಗಿ ಅದನ್ನು ವಸೂಲಿ ಮಾಡುವ ಕಾಪಿರೈಟ್ ಸೊಸೈಟಿ ಮತ್ತು ಪಬ್ಲಿಷರ್ ಮೂಲಕ. ಡಿಸ್ಟ್ರಿಬ್ಯೂಟರ್ ಖಾತೆಯಲ್ಲಿ ದುಡ್ಡು ಕಂಡೊಡನೆ ಎಲ್ಲವೂ ಬಂತು ಎಂದುಕೊಳ್ಳುವುದೇ ಸ್ವಂತ ಹಾಡು ಬರೆದು ಹಾಡುವವರು ಮಾಡುವ ಅತಿ ಸಾಮಾನ್ಯ ತಪ್ಪು. ಸೊಸೈಟಿಯಲ್ಲಿ ಕೃತಿ ನೋಂದಾಯಿಸದಿದ್ದರೆ ಎರಡನೇ ಕಾಲುವೆ ಅವರ ಮನೆ ತನಕ ಬರುವುದೇ ಇಲ್ಲ.

ಬೇರೆಯವರ ಕೃತಿ ಹಾಡಿದರೆ ನಿಮ್ಮದು ಮಾಸ್ಟರ್ ಮಾತ್ರ. ಕರ್ತೃ ಗೊತ್ತಿಲ್ಲದ ಸಾಂಪ್ರದಾಯಿಕ ಪದವಾದರೆ ಕರ್ತೃವಿನ ಜಾಗದಲ್ಲಿ ಸಾಂಪ್ರದಾಯಿಕ ಎಂದೇ ಬರೆಯಿರಿ. ಹೊಸದಾಗಿ ವಾದ್ಯ ಸಂಯೋಜನೆ ಮಾಡಿದ್ದರೆ ಅರೇಂಜರ್ ಎಂದು ನೋಂದಾಯಿಸಲು ಹಲವು ಸೊಸೈಟಿಗಳಲ್ಲಿ ಅವಕಾಶವಿದೆ.

ರೆಕಾರ್ಡಿಂಗ್ ದಿನವೇ ಸ್ಪ್ಲಿಟ್ ಶೀಟ್

ಹಾಡು ಹಿಟ್ ಆದಮೇಲೆ ಪಾಲಿನ ಮಾತು ಎತ್ತಿದರೆ ಸ್ನೇಹ ಒಡೆಯುತ್ತದೆ. ಯಾರಿಗೂ ಏನೂ ಬಂದಿಲ್ಲದಾಗ, ಸ್ಟುಡಿಯೊದಿಂದ ಹೊರಡುವ ಮುಂಚೆ, ಯಾರ ಪಾಲು ಎಷ್ಟೆಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಇದೇ ಸ್ಪ್ಲಿಟ್ ಶೀಟ್. ಹಾಳೆಯ ಮೇಲ್ಭಾಗದಲ್ಲಿ ಹಾಡಿನ ಹೆಸರು, ಪರ್ಯಾಯ ಹೆಸರು, ದಿನಾಂಕ, ಅವಧಿ. ಅದರ ಕೆಳಗೆ ಎರಡು ಪ್ರತ್ಯೇಕ ಪಟ್ಟಿಗಳು. ಮೊದಲನೆಯದು ಕೃತಿಯದು: ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಶೇ. ಎಷ್ಟು. ಎರಡನೆಯದು ಮಾಸ್ಟರಿನದು: ಹಾಡಿದವರು, ನುಡಿಸಿದವರು, ಪ್ರೊಡ್ಯೂಸರ್, ಖರ್ಚು ಹಾಕಿದವರು, ಯಾರಿಗೆ ಶೇ. ಎಷ್ಟು. ಎರಡೂ ಪಟ್ಟಿಗಳ ಮೊತ್ತ ಬೇರೆ ಬೇರೆಯಾಗಿ ಸರಿಯಾಗಿ 100 ಆಗಬೇಕು. ಮೂವರು ಸಮಪಾಲು ಎಂದಾಗ 33.33, 33.33, 33.34 ಎಂದು ಬರೆಯಿರಿ. 99.99 ಅಥವಾ 101 ಆದರೆ ಸೊಸೈಟಿಯ ನೋಂದಣಿಯಲ್ಲಿ ತೊಡಕಾಗಿ ಕೃತಿಯ ಹಣ ತಡೆಹಿಡಿಯಬಹುದು.

ಪ್ರತಿ ಹೆಸರಿನ ಪಕ್ಕದಲ್ಲಿ ಅವರ ಸೊಸೈಟಿ ಮತ್ತು ಐಪಿಐ ಸಂಖ್ಯೆ ಇರಲಿ. ಒಂದೇ ಹೆಸರಿನ ಹತ್ತು ಜನರ ನಡುವೆ ನಿಮ್ಮನ್ನು ಗುರುತಿಸುವುದು ಆ ಸಂಖ್ಯೆ. ರೋಮನ್ ಲಿಪಿಯಲ್ಲಿ ಹೆಸರು ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ಒಂದು ಕಡೆ ದೀರ್ಘಕ್ಕೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಹೀಗಾದರೆ ಯಂತ್ರದ ಕಣ್ಣಿಗೆ ನೀವು ಮೂರು ಜನ. ಒಂದು ಕಾಗುಣಿತ ಆರಿಸಿ, ಎಲ್ಲೆಡೆ ಅದನ್ನೇ ಬಳಸಿ.

ಕೋಡುಗಳು

ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಕೋಡು. ಮೊದಲ ಐದು ಅದನ್ನು ಕೊಟ್ಟವರ ಗುರುತು, ಮುಂದಿನ ಎರಡು ವರ್ಷ, ಕೊನೆಯ ಐದು ಕ್ರಮಸಂಖ್ಯೆ. ಕೃತಿಗೆ ಐಎಸ್‌ಡಬ್ಲ್ಯುಸಿ, ಇದು ಟಿ ಅಕ್ಷರದಿಂದ ಶುರುವಾಗುತ್ತದೆ, ನೋಂದಣಿ ಆದಮೇಲೆ ಸೊಸೈಟಿ ಕಡೆಯಿಂದ ಸಿಗುತ್ತದೆ. ಒಂದೇ ಕೃತಿಯನ್ನು ಐದು ಜನ ಹಾಡಿದರೆ ಐದು ಐಎಸ್‌ಆರ್‌ಸಿ, ಒಂದೇ ಐಎಸ್‌ಡಬ್ಲ್ಯುಸಿ. ಸೊಸೈಟಿಯ ನೋಂದಣಿಯಲ್ಲಿ ಎರಡನ್ನೂ ಜೋಡಿಸಿ ಕೊಟ್ಟರೆ ಆ್ಯಪ್‌ನಿಂದ ಬಂದ ಲೆಕ್ಕ ಸರಿಯಾದ ಕರ್ತೃವನ್ನು ಬೇಗ ತಲುಪುತ್ತದೆ.

ರೀಮಿಕ್ಸ್, ಲೈವ್, ಹೊಸದಾಗಿ ಹಾಡಿದ ಆವೃತ್ತಿಗಳಿಗೆ ಹೊಸ ಐಎಸ್‌ಆರ್‌ಸಿ ಬೇಕು. ಅದೇ ಟ್ರ್ಯಾಕನ್ನು ಸಿಂಗಲ್ ಆಗಿ ಬಿಟ್ಟು ಆಮೇಲೆ ಆಲ್ಬಮ್‌ಗೆ ಸೇರಿಸಿದರೆ ಹಳೆಯದನ್ನೇ ಕೊಡಬೇಕು. ಇಲ್ಲಿ ಎಡವಿದರೆ ನಷ್ಟ ನೇರ. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಟ್ರ್ಯಾಕಿಗೆ ಸ್ಪಾಟಿಫೈ 2024ರಿಂದ ರೆಕಾರ್ಡಿಂಗ್ ರಾಯಲ್ಟಿ ಕೊಡುತ್ತಿಲ್ಲ. ಒಂದೇ ರೆಕಾರ್ಡಿಂಗ್ ಎರಡು ಕೋಡುಗಳಲ್ಲಿ 600, 700 ಎಂದು ಒಡೆದುಹೋದರೆ ಎರಡೂ ಸೊನ್ನೆಯಾಗುವ ಅಪಾಯವಿದೆ; ಒಂದೇ ಕೋಡಿನಲ್ಲಿದ್ದರೆ 1,300. ಈ ಮಿತಿಯೇ ಸಣ್ಣವರಿಗೆ ಮಾಡಿದ ಅನ್ಯಾಯ. ಅದು ಇರುವತನಕ ಎಣಿಕೆ ಚದುರದಂತೆ ನೋಡಿಕೊಳ್ಳಿ.

ಡಿಸ್ಟ್ರಿಬ್ಯೂಟರ್ ಬದಲಿಸುವಾಗಲೂ ಹಳೆಯ ಕೋಡು, ಅದೇ ಆಡಿಯೊ ಫೈಲ್, ಅಕ್ಷರಶಃ ಅದೇ ಹೆಸರು ಕೊಡಿ. ಹೊಸ ಕಡೆ ಹಾಡು ಲೈವ್ ಆದಮೇಲೆ ಹಳೆಯದನ್ನು ತೆಗೆಸಿ. ಮೊದಲೇ ತೆಗೆಸಿದರೆ ಪ್ಲೇಲಿಸ್ಟ್‌ಗಳಿಂದ ಹಾಡು ಉದುರಿಹೋಗುತ್ತದೆ.

ವಾರ್ಷಿಕ ಶುಲ್ಕದ ಡಿಸ್ಟ್ರಿಬ್ಯೂಟರ್ ಒಳ್ಳೆಯದೋ ಕಮಿಷನ್‌ನವರೋ ಎಂಬುದಕ್ಕೆ ಶುಲ್ಕವನ್ನು ಕಮಿಷನ್ ದರದಿಂದ ಭಾಗಿಸಿ ನೋಡಿ. ಶುಲ್ಕ 1,500, ಕಮಿಷನ್ ಶೇ. 15 ಆದರೆ ಉತ್ತರ 10,000. ವರ್ಷದ ಗಳಿಕೆ ಅದಕ್ಕಿಂತ ಕಡಿಮೆಯಿದ್ದರೆ ಕಮಿಷನ್ನೇ ಲೇಸು. ಶುಲ್ಕ ಕಟ್ಟುವುದು ನಿಂತರೆ ಹಾಡು ಕೆಳಗಿಳಿಸುತ್ತಾರೆಯೇ ಎಂದು ಮೊದಲೇ ಕೇಳಿ. ಖಾತೆಯಲ್ಲಿ ತೆರಿಗೆ ಫಾರ್ಮ್ ತುಂಬುವುದನ್ನೂ ಮರೆಯಬೇಡಿ. ಅಮೆರಿಕದ ಹೊರಗಿನವರು ಅದನ್ನು ತುಂಬದಿದ್ದರೆ ಅಮೆರಿಕದಿಂದ ಹುಟ್ಟಿದ ಆದಾಯದಲ್ಲಿ ಶೇ. 30 ಕಡಿತವಾಗಬಹುದು.

ಒಪ್ಪಂದದಲ್ಲಿ ಬೆರಳಿಟ್ಟು ಓದಬೇಕಾದ ಜಾಗಗಳು

ಮೊದಲು ಮುಂಗಡ. ಲೇಬಲ್ 1,00,000 ಮುಂಗಡ ಕೊಟ್ಟು ಶೇ. 20 ರಾಯಲ್ಟಿ ಎಂದಿತು. ಮುಂಗಡ ತೀರುವುದು ನಿಮ್ಮ ಶೇ. 20ರಿಂದ. ಹಾಗಾಗಿ ಹಾಡು 5,00,000 ಗಳಿಸುವ ತನಕ ನಿಮಗೆ ಬೇರೇನೂ ಬರುವುದಿಲ್ಲ. ಆ ಹೊತ್ತಿಗೆ ಲೇಬಲ್‌ಗೆ ಅದರ ಪಾಲಿನ 4,00,000 ಬಂದಿರುತ್ತದೆ, ಮುಂಗಡವೂ ವಾಪಸಾಗಿರುತ್ತದೆ. ಇದರ ಮೇಲೆ ವಿಡಿಯೊ, ಪ್ರಚಾರದ ಖರ್ಚನ್ನೂ ನಿಮ್ಮ ಪಾಲಿಗೇ ಹಾಕುವ ಸಾಲು ಇದೆಯೇ ನೋಡಿ. ಇದ್ದರೆ ಗರಿಷ್ಠ ಮೊತ್ತ ಬರೆಸಿ, ಅದನ್ನು ದಾಟಿದ ಖರ್ಚಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕೆಂದು ಸೇರಿಸಿ. ಒಂದು ಆಲ್ಬಮ್‌ನ ಬಾಕಿಯನ್ನು ಇನ್ನೊಂದರ ಗಳಿಕೆಯಿಂದ ಮುರಿದುಕೊಳ್ಳುವ ಷರತ್ತಿಗೆ ಒಪ್ಪಬೇಡಿ.

ಎರಡನೆಯದು, ಶೇಕಡಾವಾರು ಯಾವುದರ ಮೇಲೆ? ಒಟ್ಟು ಆದಾಯದ ಶೇ. 20 ಬೇರೆ, ನಿವ್ವಳದ ಶೇ. 20 ಬೇರೆ. ನಿವ್ವಳ ಎಂದಿದ್ದರೆ ಏನೇನು ಕಳೆಯಬಹುದು ಎಂಬ ಪಟ್ಟಿ ಒಪ್ಪಂದದೊಳಗೇ ಇರಬೇಕು. ಡಿಸ್ಕ್ ಕಾಲದ ಪ್ಯಾಕೇಜಿಂಗ್, ಒಡೆದ ಸರಕಿನ ಕಡಿತಗಳು ಹಳೆಯ ನಮೂನೆಗಳಿಂದ ಹಾಗೇ ನುಸುಳಿ ಬಂದಿರುತ್ತವೆ. ಸ್ಟ್ರೀಮ್ ಒಡೆಯುವುದಿಲ್ಲ, ಹೊಡೆದುಹಾಕಿಸಿ.

ಮೂರನೆಯದು ಒಂದೇ ಪದದ ಪ್ರಶ್ನೆ: ಮಾರಾಟವೋ ಲೈಸೆನ್ಸೋ? ಅಮೆರಿಕದ ರ್‍ಯಾಪ್ ಗಾಯಕ ಎಮಿನೆಮ್‌ನ ಆರಂಭದ ಹಾಡುಗಳ ಹಿಂದಿದ್ದ ಎಫ್‌ಬಿಟಿ ಪ್ರೊಡಕ್ಷನ್ಸ್ ಇದೇ ಪದಕ್ಕಾಗಿ ಕೋರ್ಟಿಗೆ ಹೋಯಿತು. ಒಪ್ಪಂದದಲ್ಲಿ ರೆಕಾರ್ಡ್ ಮಾರಾಟಕ್ಕೆ ಶೇ. 12ರಿಂದ 20, ಮಾಸ್ಟರ್ ಲೈಸೆನ್ಸ್ ಕೊಟ್ಟರೆ ಶೇ. 50 ಎಂದಿತ್ತು. ಡೌನ್‌ಲೋಡ್ ಎಂದರೆ ಲೈಸೆನ್ಸ್ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. ಅದರ ನಂತರದ ಒಪ್ಪಂದಗಳಲ್ಲಿ ಡಿಜಿಟಲ್‌ಗೆ ದರವನ್ನು ಪ್ರತ್ಯೇಕವಾಗಿ ಬರೆಯುವುದು ರೂಢಿಯಾಯಿತು. ಹಳೆಯ ಒಪ್ಪಂದ ಕೈಯಲ್ಲಿರುವ ಹಿರಿಯ ಕಲಾವಿದರು ಆ ಸಾಲನ್ನು ಇಂದೇ ತೆಗೆದು ವಕೀಲರಿಗೆ ತೋರಿಸಬೇಕು.

ಅವಧಿ ಶಾಶ್ವತ ಎಂದಿದ್ದರೆ ಇಂತಿಷ್ಟು ವರ್ಷವೆಂದು ಬದಲಿಸಿ, ಮುಗಿದ ಮೇಲೆ ಮಾಸ್ಟರ್ ವಾಪಸ್ ಬರುವಂತೆ ಬರೆಸಿ. ಲೆಕ್ಕಪತ್ರ ಪರಿಶೀಲಿಸುವ ಹಕ್ಕು, ತಕರಾರು ಎತ್ತಲು ಇರುವ ಗಡುವು, ಇವೆರಡೂ ಸ್ಪಷ್ಟವಿರಲಿ. ಐರೋಪ್ಯ ಒಕ್ಕೂಟದಲ್ಲಿರುವವರಿಗೆ 2019ರ ಕಾಪಿರೈಟ್ ನಿರ್ದೇಶನದ 18, 20ನೇ ವಿಧಿಗಳು ಬೆನ್ನಿಗಿವೆ: ಸೂಕ್ತ, ಪ್ರಮಾಣಬದ್ಧ ಸಂಭಾವನೆ ಸಿಗಬೇಕು, ಗಳಿಕೆ ನಿರೀಕ್ಷೆ ಮೀರಿ ಬೆಳೆದರೆ ಒಪ್ಪಂದ ಮರುಹೊಂದಿಸಲು ಕೇಳಬಹುದು.

ನುಡಿಸಿ ಎದ್ದುಹೋಗುವವರಿಗೆ

ಈ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಸೆಷನ್ ವಾದ್ಯಗಾರರು, ಅಂದರೆ ಬೇರೆಯವರ ರೆಕಾರ್ಡಿಂಗ್‌ಗೆ ಕೂಲಿಗೆ ನುಡಿಸುವವರು. ಒಂದೇ ಕಂತಿನ ಸಂಭಾವನೆ ಪಡೆದು ಎಲ್ಲ ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಮಾಡಿದರೆ ಆಮೇಲೆ ಹಾಡು ಕೋಟಿ ಸಲ ಓಡಿದರೂ ಲೇಬಲ್‌ನಿಂದ ಏನೂ ಬರದು. ಆದರೆ ಆ ಸಹಿಯಿಂದ ಎಲ್ಲವೂ ಹೋಗುವುದಿಲ್ಲ. ಹಲವು ದೇಶಗಳಲ್ಲಿ ರೇಡಿಯೊ ಪ್ರಸಾರ ಮತ್ತು ಸಾರ್ವಜನಿಕ ಸ್ಥಳದ ಬಳಕೆಗೆ ಕಲಾವಿದರ ಸೊಸೈಟಿ ನೇರವಾಗಿ ಹಣ ಕೊಡುತ್ತದೆ. ಅಮೆರಿಕದ ಸೌಂಡ್‌ಎಕ್ಸ್‌ಚೇಂಜ್, ಕೇಳುಗರು ಹಾಡನ್ನು ತಾವೇ ಆರಿಸಲಾಗದ ವೆಬ್ ರೇಡಿಯೊಗಳ ಹಣದಲ್ಲಿ ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಸಹಕಲಾವಿದರಿಗೆ ಮೀಸಲಿಡುತ್ತದೆ. ಲೇಬಲ್‌ನ ಬಾಕಿ ತೀರಿದ್ದರೂ ತೀರದಿದ್ದರೂ ಇದು ಬರುತ್ತದೆ. ಉರುಗ್ವೆ 2023ರಲ್ಲಿ ಕಾನೂನು ತಿದ್ದಿ, ಆನ್‌ಲೈನ್ ಬಳಕೆಗೂ ಕಲಾವಿದರಿಗೆ ಸಂಭಾವನೆಯ ಹಕ್ಕು ಕೊಟ್ಟಿತು. ಎಲ್ಲ ಕಡೆಯ ಕಲಾವಿದರ ಸಂಘಗಳೂ ಪಟ್ಟುಹಿಡಿದು ಕೇಳಬೇಕಾದ ಹಕ್ಕು ಇದು.

ನೀವು ಮಾಡಬೇಕಾದ್ದು: ಸೆಷನ್‌ಗೆ ಹೋದ ದಿನಾಂಕ, ಸ್ಟುಡಿಯೊ, ಹಾಡು, ನುಡಿಸಿದ ವಾದ್ಯ, ಪ್ರೊಡ್ಯೂಸರ್ ಹೆಸರು ಬರೆದಿಡಿ. ಹಾಡು ಬಿಡುಗಡೆಯಾದಾಗ ಐಎಸ್‌ಆರ್‌ಸಿ ಕೇಳಿ ಪಡೆದು ಅದೇ ಸಾಲಿಗೆ ಸೇರಿಸಿ, ಕಲಾವಿದರ ಸೊಸೈಟಿಯಲ್ಲಿ ಆ ರೆಕಾರ್ಡಿಂಗ್‌ನಲ್ಲಿ ನಾನಿದ್ದೇನೆ ಎಂದು ದಾಖಲಿಸಿ. ಬಿಡುಗಡೆಗೆ ಮುಂಚೆ ಡಿಸ್ಟ್ರಿಬ್ಯೂಟರ್‌ನ ಕ್ರೆಡಿಟ್ ಪುಟದಲ್ಲಿ ನಿಮ್ಮ ಹೆಸರು ತುಂಬಿಸಿ. ಆಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಓಡಾಟ.

ಬಲೆಗಳು

ಇಷ್ಟು ಸ್ಟ್ರೀಮ್ ಖಚಿತ ಎಂದು ದುಡ್ಡು ಕೇಳುವ ಪ್ಲೇಲಿಸ್ಟ್‌ನವರಿಂದ ದೂರವಿರಿ. ಅವು ಬಹುತೇಕ ಯಂತ್ರಗಳು ಓಡಿಸುವ ಸ್ಟ್ರೀಮ್‌ಗಳು. ಸಿಕ್ಕಿಬಿದ್ದರೆ ರಾಯಲ್ಟಿ ರದ್ದು, ಕೆಲವೊಮ್ಮೆ ಹಾಡೂ ಮಾಯ. ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕುತ್ತದೆ, ಅದು ನಿಮ್ಮ ಖಾತೆಗೇ ಇಳಿಯಬಹುದು. ಹಾಡನ್ನು ಹೆಚ್ಚು ಕೇಳುಗರಿಗೆ ಶಿಫಾರಸು ಮಾಡಿಸುವ ಸ್ಪಾಟಿಫೈನ ಡಿಸ್ಕವರಿ ಮೋಡ್‌ಗೆ ಮುಂಚೆ ಹಣ ಕೊಡಬೇಕಿಲ್ಲ, ಆದರೆ ಅದರ ಮೂಲಕ ಬಂದ ಸ್ಟ್ರೀಮ್‌ಗಳ ರಾಯಲ್ಟಿಯಲ್ಲಿ ಶೇ. 30 ಕಡಿತ. ಒಂದೇ ಹಾಡಿಗೆ ಒಂದು ತಿಂಗಳು ಹಾಕಿ ಲೆಕ್ಕ ನೋಡದೆ ಎಲ್ಲ ಹಾಡಿಗೂ ಒಪ್ಪಬೇಡಿ.

ವಿಡಿಯೊಗಳಲ್ಲಿ ನಿಮ್ಮ ಹಾಡನ್ನು ತಾನೇ ಗುರುತಿಸುವ ಯೂಟ್ಯೂಬ್ ಕಂಟೆಂಟ್ ಐಡಿ ವ್ಯವಸ್ಥೆಗೆ ಹಾಡು ಸೇರಿಸುವ ಮುಂಚೆ ಹಾಡಿನಲ್ಲಿ ಎಲ್ಲರಿಗೂ ಮಾರುವ ಲೂಪ್, ಬೀಟ್‌ನಂಥ ಸಿದ್ಧ ಸಂಗೀತ ತುಣುಕು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ಅದೇ ಲೂಪ್ ಕೊಂಡ ಅಮಾಯಕರ ಹಾಡುಗಳ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ಹಕ್ಕುಸಾಧನೆ ಬೀಳುತ್ತದೆ, ನಿಮ್ಮ ಸೌಲಭ್ಯವೇ ರದ್ದಾಗಬಹುದು.

ಸ್ಟೇಟ್‌ಮೆಂಟ್ ಓದುವುದು

ಸ್ಟೇಟ್‌ಮೆಂಟಿನ ಮೊತ್ತವನ್ನಷ್ಟೇ ನೋಡಿ ಮುಚ್ಚಬೇಡಿ, ಪೂರ್ತಿ ಶೀಟ್ ಇಳಿಸಿಕೊಳ್ಳಿ. ಒಂದು ಸಾಲಿನಲ್ಲಿ ಕೇಳಿದ ತಿಂಗಳು, ವರದಿಯ ತಿಂಗಳು, ಆ್ಯಪ್, ದೇಶ, ಐಎಸ್‌ಆರ್‌ಸಿ, ಸ್ಟ್ರೀಮ್ ಸಂಖ್ಯೆ, ಹಣ ಇರುತ್ತದೆ. ಕೇಳಿದ್ದಕ್ಕೂ ವರದಿಗೂ ಎರಡು ಮೂರು ತಿಂಗಳ ಅಂತರ ಸಹಜ. ಹಾಗಾಗಿ ಆ್ಯಪ್‌ನ ಕಲಾವಿದರ ಪುಟದಲ್ಲಿನ ಸಂಖ್ಯೆಯನ್ನು ಹೋಲಿಸುವಾಗ ಕೇಳಿದ ತಿಂಗಳನ್ನೇ ಹಿಡಿಯಿರಿ. ಐಎಸ್‌ಆರ್‌ಸಿ ಪ್ರಕಾರ ವಿಂಗಡಿಸಿ, ಪ್ರತಿ ದೇಶಕ್ಕೂ ಹಣವನ್ನು ಸ್ಟ್ರೀಮ್‌ನಿಂದ ಭಾಗಿಸಿ. ಉಚಿತವಾಗಿ ಕೇಳುವವರದು, ಚಂದಾದಾರರದು ಬೇರೆಬೇರೆ ನೋಡಿ. ಬೆರೆಸಿದರೆ ಇಲ್ಲದ ಮೋಸ ಕಾಣುತ್ತದೆ, ಇರುವ ಮೋಸ ಮುಚ್ಚಿಹೋಗುತ್ತದೆ. ಒಂದು ಕೋಡು ಇದ್ದಕ್ಕಿದ್ದಂತೆ ಕಾಣೆಯಾಗಿದ್ದರೆ, ಒಂದು ದೇಶದ ಸಾಲುಗಳೇ ಇಲ್ಲದಿದ್ದರೆ ಅಲ್ಲಿಂದ ವಿಚಾರಣೆ ಶುರುಮಾಡಿ.

ಪತ್ರ ಚಿಕ್ಕದಿರಲಿ: ಯಾವ ಐಎಸ್‌ಆರ್‌ಸಿ, ಯಾವ ತಿಂಗಳು, ಆ್ಯಪ್‌ನ ಪುಟದಲ್ಲಿ ಎಷ್ಟು ಸ್ಟ್ರೀಮ್, ಸ್ಟೇಟ್‌ಮೆಂಟಿನಲ್ಲಿ ಎಷ್ಟು, ವ್ಯತ್ಯಾಸ ಎಷ್ಟು. ಸ್ಕ್ರೀನ್‌ಶಾಟ್ ಲಗತ್ತಿಸಿ, ಉತ್ತರಕ್ಕೆ ದಿನಾಂಕ ಕೊಡಿ, ಒಪ್ಪಂದದ ಪರಿಶೀಲನಾ ಹಕ್ಕಿನ ಕಲಮು ಉಲ್ಲೇಖಿಸಿ. ಫೋನಿನಲ್ಲಿ ಏನೇ ಹೇಳಿದರೂ ಇಮೇಲ್‌ನಲ್ಲಿ ಮತ್ತೊಮ್ಮೆ ಬರೆಸಿಕೊಳ್ಳಿ. ತಕರಾರಿನ ಗಡುವು ಓಡುವುದು ಸ್ಟೇಟ್‌ಮೆಂಟ್ ಬಂದ ದಿನದಿಂದ. ಆ ದಿನವನ್ನು ಶೀಟಿನ ಮೊದಲ ಸಾಲಿನಲ್ಲೇ ಬರೆದಿಡಿ.